ಹಗ್ಗದ ಮೇಲೆ ನಾಲ್ಕು ಕೌದಿ

ಜನವರಿ 9

ಸೊಸೆಗೆ,

ನೀನು ಎಲ್ಲಿದ್ದೀಯೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಎಂದು ನಿನ್ನ ಕೇಸು ನೋಡುವ ಲಾಯರಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾರೆ. ಇದೇ ಊರಿನಲ್ಲಿ, ಗಂಡಂದಿರಿಂದ ತಪ್ಪಿಸಿಕೊಂಡ ಹೆಂಗಸರನ್ನು ಬಚ್ಚಿಡುವ ಒಂದು ಮನೆಯಲ್ಲಿದ್ದೀಯ, ಕ್ಷೇಮವಾಗಿದ್ದೀಯ ಎಂಬಷ್ಟು ತಿಳಿಸಿದರು. ನಾನು ಬರೆದದ್ದನ್ನು ಅವರು ಮೊದಲು ಓದಿ, ಆಮೇಲೆ ನಿನಗೆ ಮುಟ್ಟಿಸುತ್ತಾರಂತೆ. ಓದಿಕೊಳ್ಳಲಿ. ಲಾಯರಮ್ಮಾ, ನಿಮ್ಮ ಕರಿ ಕೋಟಿನ ಎಡ ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ, ಕೈ ಎತ್ತಿದಾಗೆಲ್ಲ ಕಾಣುತ್ತದೆ. ತಂದುಕೊಡಿ.

ಅವನು ಭಾನುವಾರ ಮಧ್ಯಾಹ್ನ ಬಂದಿದ್ದ. ಹಸಿವು ಅಂದ, ಬಡಿಸಿದೆ. ಉಂಡು, ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ನೀನು ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಅಂದೆ. ನನ್ನ ತುರುಬು ಹಿಡಿದು ಮುಖವನ್ನು ಹೊಲಿಗೆ ಮಷೀನಿನ ಚಕ್ರಕ್ಕೆ ಜಜ್ಜಿದ. ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಜಜ್ಜಿದ. ಮೇಲಿನ ಹಲ್ಲೊಂದು ಹೋಯಿತು. ಅದು ಹೇಗೂ ಅಲ್ಲಾಡುತ್ತಿತ್ತು ಬಿಡು. ಆಮೇಲೆ ಬೀರು ಬೋರಲು ಹಾಕಿದ, ಕನ್ನಡಿಗೆ ಕತ್ತರಿ ಎಸೆದ, ನಿನ್ನ ಒಂದು ಹಳೆಯ ಚಪ್ಪಲಿ ಬಾಗಿಲ ಹಿಂದೆ ಸಿಕ್ಕಿತು ಎಂದು ಅದನ್ನು ಕುಡುಗೋಲಿನಲ್ಲಿ ಚೂರು ಚೂರು ಮಾಡಿದ. ಎಲ್ಲ ಮುಗಿದ ಮೇಲೆ ಬಟ್ಟೆಯಲ್ಲಿ ಐಸು ಸುತ್ತಿ ತಂದು ನನ್ನ ತುಟಿಗೆ ಒತ್ತಿ ಹಿಡಿದು, ನನ್ನ ಮಡಿಲಲ್ಲಿ ತಲೆಯಿಟ್ಟು ಗೊಳೋ ಎಂದು ಅತ್ತ. ಈ ಭಾಗ ನಿನಗೆ ಗೊತ್ತೇ ಇದೆ.

ಬರೆಯುತ್ತಿರುವುದು ಅದಕ್ಕಲ್ಲ. ನಮ್ಮ ಬೀದಿಯ ಕೊನೆಯ ಮಹಿಳಾ ಸಮಾಜದ ಹಾಲಿನಲ್ಲಿ ಒಂದಷ್ಟು ಹೆಂಗಸರು ಶನಿವಾರ ಸೇರಿ ಎಳೆ ಮಕ್ಕಳಿಗೆ ಕೌದಿ ಹೊಲಿದು ದಾನ ಕೊಡುತ್ತಾರೆ. ಲಾಯರಮ್ಮ ಅವನ್ನು ಗಂಟು ಕಟ್ಟಿಸಿ ನೀನಿರುವಂಥ ಮನೆಗಳಿಗೆ ಕಳಿಸುತ್ತಾರೆ. ನಾನೂ ಸೇರಿಕೊಂಡಿದ್ದೇನೆ. ಜನ್ಮವಿಡೀ ಊರಿನವರ ರವಿಕೆ ಹೊಲಿದು ಬೆನ್ನು ಬಗ್ಗಿಸಿಕೊಂಡವಳು, ಇನ್ನೊಂದಿಷ್ಟು ಬಗ್ಗಿದರೆ ಏನೂ ಆಗುವುದಿಲ್ಲ. ನಿನ್ನ ಹೊಟ್ಟೆಯಲ್ಲಿರುವುದಕ್ಕೂ ಒಂದು ಹೊಲಿಯಲಾ? ಬೇಡ ಅಂದರೆ ಬೇಡ.

ಇಂತಿ,
ನಿನ್ನ ಅತ್ತೆ

~

ಜನವರಿ 27

ಅತ್ತೆಯವರಿಗೆ,

ಬೇಡ.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಲಾಯರಮ್ಮ ನಿಮ್ಮ ಮುಖ ಹೇಗಾಗಿದೆ ಎಂದು ಹೇಳಿದರು, ಅದಕ್ಕೆ ಇನ್ನು ನಾಲ್ಕು ಸಾಲು.

ನಿಮಗೆ ಒಂದು ಹಲ್ಲು ಹೋಯಿತು. ನನ್ನ ಬಲ ಮಣಿಕಟ್ಟು ಸರಿಯಾಗಿ ಕೂಡಿಲ್ಲ. ಸಿರಿಂಜು ಹಿಡಿದು ಜನರ ರಕ್ತ ತೆಗೆಯುತ್ತಿದ್ದ ಕೈ ಇದು, ಈಗ ನೀರಿನ ಚೊಂಬು ಎತ್ತಿದರೂ ನಡುಗುತ್ತದೆ. ಅವನು ನನ್ನ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದಾಗ ನೀವು ಆಚೆ ಕೋಣೆಯಿಂದ, ಬೀದಿ ನಾಯಿಗೆ ಹೇಳುವ ಹಾಗೆ, "ಸಾಕು ಬಿಡೋ" ಅನ್ನುತ್ತಿದ್ದಿರಿ. ಎದ್ದು ಬರುತ್ತಿರಲಿಲ್ಲ. ಮರುದಿನ ನನಗೆ ಅರಿಸಿನ ಹಚ್ಚುತ್ತಿದ್ದಿರಿ, ಅವನಿಗೆ ಬಿಸಿ ಬಿಸಿ ಬಡಿಸುತ್ತಿದ್ದಿರಿ. ಏನೇ ಆದರೂ ನೀವು ಅವನ ಅಮ್ಮ.

ಇಲ್ಲಿ ಬೆಳಿಗ್ಗೆ ಯಾರೂ ಕಿರುಚುವುದಿಲ್ಲ. ಅಡುಗೆಯಮ್ಮ ಒಬ್ಬರು ಇದ್ದಾರೆ, ಎಲ್ಲರನ್ನೂ ಬೈದುಕೊಂಡೇ ಬಡಿಸುತ್ತಾರೆ. ನನ್ನ ತಟ್ಟೆಗೆ ಯಾವಾಗಲೂ ಒಂದು ಸೌಟು ಜಾಸ್ತಿ. ಬಾಗಿಲು ಬಡಿದರೆ ಈಗಲೂ ಮಂಚದ ಕೆಳಗೆ ನುಸುಳುತ್ತೇನೆ. ಹೊಟ್ಟೆ ದೊಡ್ಡದಾದ ಮೇಲೆ ನುಸುಳುವುದು ಕಷ್ಟವಾಗಿದೆ.

ದಾನದ ಗಂಟಿನಲ್ಲಿ ಬಂದದ್ದು ಬರಲಿ. ನನಗೆಂದು ಏನನ್ನೂ ಹೊಲಿಯಬೇಡಿ.

ಇಂತಿ,
ನಿಮ್ಮ ಮೊಮ್ಮಗುವಿನ ತಾಯಿ

~

ಫೆಬ್ರವರಿ 20

ಮೊಮ್ಮಗುವಿನ ತಾಯಿಗೆ,

ಸಹಿ ಚೆನ್ನಾಗಿದೆ. ಸೊಸೆ ಅನ್ನಿಸಿಕೊಳ್ಳಲು ಇಷ್ಟವಿಲ್ಲ ಎಂದಾಯಿತು. ನಿನ್ನ ಜಾಗದಲ್ಲಿದ್ದಿದ್ದರೆ ನಾನು ಇಷ್ಟು ಮರ್ಯಾದೆಯಿಂದ ಬರೆಯುತ್ತಿರಲಿಲ್ಲ.

ಹೌದು, ಹೆತ್ತಿದ್ದೇನೆ. ಏನು ಮಾಡಲಿ, ತಿರುಗಿ ಒಳಗೆ ಹಾಕಿಕೊಳ್ಳಲಾ? ನಿನಗೆ ಸಿಟ್ಟು ಬಂದರೆ ಅವನು ನನ್ನ ಮಗ, ನನಗೆ ಸಿಟ್ಟು ಬಂದರೆ ನಿನ್ನ ಗಂಡ. ಅವನನ್ನು ಇಟ್ಟುಕೊಳ್ಳಲು ಇಬ್ಬರಿಗೂ ಆಗಲಿಲ್ಲ.

ನಿನಗೆಂದು ಹೊಲಿಯುತ್ತಿಲ್ಲ. ಕಂಡವರ ಮಕ್ಕಳಿಗೆ ಹೊಲಿಯುತ್ತಿದ್ದೇನೆ, ನಿನಗೇನು? ನಮ್ಮ ಹಾಲಿನ ಯಜಮಾನಿ ಒಬ್ಬ ರಿಟೈರಾದ ಟೀಚರಮ್ಮ. ತುಂಡು ಬಟ್ಟೆ ಜೋಡಿಸಿದ ಮೇಲ್ಪದರ, ನಡುವೆ ಹತ್ತಿ, ಕೆಳಗೆ ಅಸ್ತರು, ಮೂರನ್ನೂ ಪಿನ್ನು ಹಾಕಿ ಹಿಡಿದು, ಮಷೀನಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ನೇರ ಗೆರೆಗಳನ್ನು ಎಳೆಯಿರಿ ಎನ್ನುತ್ತಾರೆ. ಎಲ್ಲರೂ ಹಾಗೆಯೇ ಎಳೆಯುತ್ತಾರೆ. ನಾನು ಎಳೆಯುವುದಿಲ್ಲ. ಅಷ್ಟು ಗೆರೆ ಅಂದರೆ ಒಂದೊಂದಕ್ಕೂ ಎರಡೆರಡು ದಾರದ ಕೊನೆ. ಅಂಚಿನ ಪಟ್ಟಿ ಬಿಚ್ಚಿದ ದಿನ ಅಷ್ಟೂ ಹೊರಗೆ ಬಂದು ನೇತಾಡುತ್ತವೆ, ಕೂಸಿನ ಕಾಲ್ಬೆರಳಿಗೆ ಒಂದು ಸುತ್ತಿಕೊಂಡರೆ ಮುಗಿಯಿತು, ಬೆರಳು ನೀಲಿಯಾಗುವವರೆಗೆ ಯಾಕೆ ಅಳುತ್ತಿದೆ ಎಂದೇ ತಿಳಿಯುವುದಿಲ್ಲ. ನಾನು ನಟ್ಟನಡುವೆ ಸೂಜಿ ಇಳಿಸುತ್ತೇನೆ. ಒಂದು ಪುಟ್ಟ ಚೌಕ, ಅದರ ಸುತ್ತ ಇನ್ನೊಂದು, ಮತ್ತೊಂದು, ದಾರ ಎಲ್ಲೂ ಕತ್ತರಿಸದೆ ಅಂಚಿನವರೆಗೆ ಒಂದೇ ಗೆರೆ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಬಿಟ್ಟು, ಬಟ್ಟೆ ಒತ್ತುವ ಮಷೀನಿನ ಪಾದ ಎತ್ತಿ, ಬಟ್ಟೆ ತಿರುಗಿಸಬೇಕು. ಇಡೀ ಹಾಲಿನಲ್ಲಿ ಇದು ಬೇರೆ ಯಾರಿಗೂ ಬರುವುದಿಲ್ಲ. ಟೀಚರಮ್ಮ ಮುಖ ಊದಿಸಿಕೊಂಡಿದ್ದಾರೆ.

ಅವನು ಮುಖ ಜಜ್ಜಿದ ಮೇಲೆ ಚಕ್ರ ಸೊಟ್ಟಗಾಗಿ ಎಲ್ಲೋ ಒಮ್ಮೆ ಜಿಗಿಯುತ್ತದೆ. ಮೊನ್ನೆ ಮೂಲೆ ತಿರುಗಿಸುವಾಗ ಹಾಗೇ ಜಿಗಿದು ಸೂಜಿ ನನ್ನ ತೋರುಬೆರಳಿನ ಉಗುರಿನ ಮೂಲಕ ಇಳಿದು ಆಚೆ ಬಂತು. ಮುರಿದ ತುದಿ ಒಳಗೇ ಉಳಿಯಿತು, ಇಕ್ಕಳ ಹಾಕಿ ಎಳೆದೆ. ಆ ಕೌದಿ ರಕ್ತವಾಯಿತು, ಅದನ್ನು ನೆಲ ಒರೆಸಲು ಇಟ್ಟುಕೊಂಡೆ.

ಹೋದ ವಾರ ಮತ್ತೆ ಬಂದಿದ್ದ ನಿನ್ನ ಗಂಡ. ಸಭ್ಯಸ್ಥನ ಹಾಗೆ ಹಣ್ಣು ತಂದಿದ್ದ. ಹೊಲಿದಿಟ್ಟ ಕೌದಿಗಳ ರಾಶಿ ನೋಡಿ, ಇವೆಲ್ಲ ಯಾರಿಗೆ ಎಂದ. ನನಗೆ ಮೈ ಉರಿದುಹೋಯಿತು. ಮುಖಕ್ಕೆ ಹೊಡೆದ ಹಾಗೆ ಹೇಳಿದೆ: "ನಿನ್ನಂಥ ಗಂಡುಗಲಿಗಳ ಕೈಯಿಂದ ತಪ್ಪಿಸ್ಕೊಂಡು ಓಡಿದೋರ ಮಕ್ಕಳಿಗೆ. ಅವರಿರೋ ಮನೆಗೆ ಹೋಗುತ್ತೆ ಎಲ್ಲಾನೂ." ಕೈ ಎತ್ತುತ್ತಾನೆ ಎಂದುಕೊಂಡೆ, ಎತ್ತಲಿಲ್ಲ. ಇಂಗು ತಿಂದ ಮಂಗನ ಹಾಗೆ ಸ್ವಲ್ಪ ಹೊತ್ತು ನಿಂತ. ಒಂದು ಕೌದಿಯ ಗೆರೆಯ ಮೇಲೆ ನಡುವಿನಿಂದ ಅಂಚಿನ ತನಕ ಬೆರಳಾಡಿಸಿ, ಮಡಚಿಟ್ಟು, ಹೊರಟುಹೋದ. ನನಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಇಂತಿ,
ಕಂಡವರ ಮಕ್ಕಳಿಗೆ ಹೊಲಿಯುವವಳು

~

ಏಪ್ರಿಲ್ 3

ಅತ್ತೆ,

ಹೆಣ್ಣು. ಹುಟ್ಟಿ ಹದಿನೈದು ದಿನ ಮೇಲಾಯಿತು. ನಾನೂ ಪಾಪುವೂ ಚೆನ್ನಾಗಿದ್ದೇವೆ. ಹೆರಿಗೆಯ ನೋವಿನಲ್ಲಿ ನಾನು ಒಮ್ಮೆಯೂ ಕೂಗಲಿಲ್ಲವಂತೆ. ನರ್ಸು ಆಶ್ಚರ್ಯಪಟ್ಟರು. ಕೂಗಿದರೆ ಇನ್ನೂ ಜಾಸ್ತಿ ಬೀಳುತ್ತದೆ ಎಂದು ಮೈಗೆ ಗೊತ್ತಿದೆ, ಅದಕ್ಕೆ ಎಂದು ಅವರಿಗೆ ಹೇಳಲಿಲ್ಲ.

ಮೊನ್ನೆ ದಾನದ ಗಂಟು ಬಂತು. ಅಡುಗೆಯಮ್ಮ ನಡುಮನೆಯಲ್ಲಿ ಬಿಚ್ಚಿ, ಜಗಳ ಆಡದೆ ಒಂದೊಂದು ತೆಗೆದುಕೊಳ್ಳಿ, ಆಡಿದವರಿಗೆ ಊಟವಿಲ್ಲ ಎಂದರು. ಈಗ ಈ ಮನೆಯಲ್ಲಿ ನಾಲ್ಕು ಕೂಸುಗಳಿವೆ. ನಾಲ್ಕಕ್ಕೂ ಬಂದದ್ದು ನಿಮ್ಮದೇ ಕೌದಿ. ನಡುವಿನ ಚೌಕದಿಂದ ಹೊರಟು ಅಂಚಿನ ತನಕ ಒಂದೇ ಗೆರೆ. ನನಗೆ ಬಂದದ್ದು ಹಳದಿ ಮತ್ತು ಬಿಳಿ ತುಂಡುಗಳದ್ದು. ಬೇಡ ಎಂದು ಬರೆದವಳು ನಾನೇ, ಆದರೂ ಎದೆಗೆ ಅವುಚಿಕೊಂಡು ಅತ್ತುಬಿಟ್ಟೆ. ಪಾಪು ಅದರಡಿ ಮಲಗಿದರೆ ಹಾಲಿಗೂ ಏಳುವುದಿಲ್ಲ.

ಒಂದು ತೊಂದರೆ. ಈ ಮನೆಯಲ್ಲಿ ಬಟ್ಟೆಯನ್ನೆಲ್ಲ ಒಳಗೇ ಒಣಗಿಸುವ ಪದ್ಧತಿ. ಒಗೆದ ಕೌದಿ ಎರಡು ದಿನವಾದರೂ ಒಣಗುವುದಿಲ್ಲ, ಒಂಥರಾ ವಾಸನೆ ಹೊಡೆಯುತ್ತದೆ. ಏನು ಮಾಡಬೇಕು?

ಇಂತಿ,
ಸೊಸೆ

~

ಏಪ್ರಿಲ್ 16

ನನ್ನ ಸೊಸೆಗೆ,

ಕಾಗದವನ್ನು ಹಾಲಿನಲ್ಲಿ ಎಲ್ಲರ ಮುಂದೆ ಓದಿದೆ. ನಾಲ್ಕಕ್ಕೂ ನಿಮ್ಮದೇ ಎಂಬ ಸಾಲನ್ನು ಟೀಚರಮ್ಮನ ಕಿವಿಯ ಹತ್ತಿರ ಹೋಗಿ ಎರಡು ಸಲ ಓದಿದೆ. ಮೊಮ್ಮಗಳು! ಮೂಗು ಯಾರದ್ದು? ನಿನ್ನದೇ ಇರಲಿ. ನಮ್ಮ ಕಡೆಯ ಮೂಗು ಬಂದರೆ ಮುಂದೆ ಬೈದುಕೊಳ್ಳುತ್ತಾಳೆ.

ಕೌದಿಯನ್ನು ಒಳಗೆ ಒಣಗಿಸುತ್ತಾರಾ ಯಾರಾದರೂ? ಹತ್ತಿ ಮುಗ್ಗಿಹೋಗುತ್ತದೆ. ಎಳೆ ಕೂಸಿನ ಎದೆಗೆ ಆ ಥಂಡಿ ಇಳಿದರೆ ಆಮೇಲೆ ಆಸ್ಪತ್ರೆ ಸುತ್ತಬೇಕು. ಪದ್ಧತಿಯಂತೆ ಪದ್ಧತಿ. ಅಡುಗೆಯಮ್ಮನಿಗೆ ಹೇಳು, ರವಿಕೆ ಲಂಗ ಬೇಕಾದರೆ ಒಳಗೇ ಹಾಕಿಕೊಳ್ಳಲಿ, ಕೌದಿಗಳನ್ನು ಮಾತ್ರ ಹಿತ್ತಿಲಲ್ಲೋ ಮಹಡಿಯಲ್ಲೋ ಒಳ್ಳೆಯ ಬಿಸಿಲಿಗೆ ಉದ್ದಕ್ಕೆ ಹರಡಿ ಹಾಕಬೇಕು. ಮಡಚಿ ಹಾಕಬಾರದು, ಹತ್ತಿ ಗಂಟು ಕಟ್ಟುತ್ತದೆ. ಹೊಲಿದವಳೇ ಹೇಳಿದ್ದಾಳೆ ಅನ್ನು.

ಅವನು ಎರಡು ತಿಂಗಳಿಂದ ಈ ಕಡೆ ಸುಳಿದಿಲ್ಲ. ಎಲ್ಲೋ ಬೇರೆ ಕೆಲಸ ಹಿಡಿದಿರಬೇಕು. ನೆಮ್ಮದಿಯಾಗಿದೆ.

ಇಂತಿ,
ಪಾಪುವಿನ ಅಜ್ಜಿ

~

ಮೇ 7

ಆಸ್ಪತ್ರೆಯಿಂದ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಓದಲು ಬಂದಷ್ಟು ಓದಿಕೊಳ್ಳಿ.

ಅವನು ಬಂದ. ನಿನ್ನೆ ಬೆಳಿಗ್ಗೆ. ಅಡುಗೆಯಮ್ಮ ಹಿತ್ತಿಲಲ್ಲಿ ನಾಲ್ಕೂ ಕೌದಿಗಳನ್ನು ಹಗ್ಗದ ಮೇಲೆ, ನೀವು ಹೇಳಿದ ಹಾಗೆಯೇ, ಉದ್ದಕ್ಕೆ ಹರಡುತ್ತಿದ್ದರು. ಗೋಡೆ ಹಾರಿದ್ದಾನೆ. ಅವರು ಕೂಗಲು ಬಾಯಿ ತೆರೆದಾಗ ಅವರ ತಲೆಯನ್ನು ಒಗೆಯುವ ಕಲ್ಲಿಗೆ ಬಡಿದ. ಎಷ್ಟು ಸಲವೋ. ಮಹಡಿಯ ಕಿಟಕಿಯಿಂದ ನನಗೆ ಶಬ್ದ ಕೇಳಿತು, ಬಟ್ಟೆ ಒಗೆಯುತ್ತಿದ್ದಾರೆ ಎಂದುಕೊಂಡೆ.

ಮೆಟ್ಟಿಲು ಹತ್ತಿ ಬಂದವನ ಕೈಯಲ್ಲಿ ಹಳದಿ ಕೌದಿ ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಮ್ಮ ಚೆನ್ನಾಗ್ ಹೊಲ್ದಿದಾಳೆ, ಅಲ್ವಾ?" ಅಂದ. ನಗುತ್ತಿದ್ದ. ಪಾಪುವನ್ನು ಪಕ್ಕದ ಮಂಚದ ಉದ್ದ ಜಡೆಯವಳ ಕೈಗೆ ಎಸೆದೆ. ಎಸೆದೆ ಅತ್ತೆ, ಕೊಡಲಿಲ್ಲ. ಅವಳು ಓಡಿ ತಾರಸಿಯ ಬಾಗಿಲು ಹಾಕಿಕೊಂಡಳು. ಅವನು ನನ್ನ ಕೂದಲು ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದ. ಹಳೆಯ ಮಣಿಕಟ್ಟನ್ನು ಅಲ್ಲೇ ಮತ್ತೆ ಮುರಿದ. ಪಕ್ಕೆಗೆ ಒದ್ದ, ಕಿವಿಗೆ ಒದ್ದ. ಮಗು ಎಲ್ಲಿ ಎಂದು ಒಂದೊಂದೇ ಬೆರಳನ್ನು ಹಿಂದಕ್ಕೆ ಬಗ್ಗಿಸಿ ಕೇಳಿದ. ಎರಡು ಬೆರಳು ಹೋದವು, ನಾನು ಹೇಳಲಿಲ್ಲ. ತುಂಬಿದ ಬಸುರಿ ಹುಡುಗಿಯೊಬ್ಬಳು ಒಲೆಯ ಮೇಲಿನ ಕುದಿನೀರನ್ನು ಪಾತ್ರೆ ಸಮೇತ ತಂದು ಅವನ ಹೆಗಲ ಮೇಲೆ ಸುರಿದಳು. ಅವನು ಕಿರುಚುತ್ತ ಓಡಿದ. ಕೌದಿಯನ್ನು ಬಿಡದೆ ತೆಗೆದುಕೊಂಡು ಹೋದ.

ಪಾಪುವಿಗೆ ಏನೂ ಆಗಿಲ್ಲ. ಅಡುಗೆಯಮ್ಮ ಕಣ್ಣು ಬಿಟ್ಟಿಲ್ಲ. ಕಾಯಿರಿ ಎನ್ನುತ್ತಾರೆ ಡಾಕ್ಟರು.

ಇಂಗು ತಿಂದ ಮಂಗನ ಹಾಗೆ ಹೋದ ಎಂದು ಬರೆದಿದ್ದಿರಿ. ಲಾಯರಮ್ಮ ಓದಿ ನಕ್ಕರು, ನಾನೂ ಓದಿ ನಕ್ಕೆ. ಹೊಲಿಗೆಯ ಗಂಧವಿಲ್ಲದವರು ನಾವಿಬ್ಬರೂ, ನಮಗೆ ಹೊಳೆಯಲಿಲ್ಲ. ನಿಮಗೆ ಹೊಳೆಯಬೇಕಿತ್ತು. ಹಾಲಿನಲ್ಲಿ ಬೇರೆ ಯಾರಿಗೂ ಬರದ ಗೆರೆ ಅಂದಿರಿ. ಅದು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ನೀವೇ ಹೇಳಿದಿರಿ. ಆಮೇಲೆ ಬಿಸಿಲಿಗೆ ಹಾಕಿ ಅಂದಿರಿ.

ಅವನು ಸಿಕ್ಕಿದ ಎಂದು ನನಗೆ ಇನ್ನೂ ಯಾರೂ ಹೇಳಿಲ್ಲ. ನಿಮ್ಮ ಹತ್ತಿರವೇ ಬರುತ್ತಾನೆ. ಬಂದರೆ ಊಟ ಹಾಕುತ್ತೀರಿ, ನನಗೆ ಗೊತ್ತು.

~

ಮೇ 12

ಮಗಳೇ,

ನಿನ್ನ ಕಾಗದ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಅಡುಗೆಯಮ್ಮ ತೀರಿಕೊಂಡರು ಎಂದು ಲಾಯರಮ್ಮ ಅದರ ಜೊತೆಗೇ ಹೇಳಿದರು. ನೀನು ಹೇಳಿದ್ದು ಸರಿ. ಊಟ ಹಾಕಿದೆ.

ಆರನೆಯ ತಾರೀಖು ಮಧ್ಯಾಹ್ನ ಬಂದ. ಹೆಗಲು, ಬೆನ್ನು ಬೊಬ್ಬೆ ಎದ್ದು ಅಂಗಿ ಚರ್ಮಕ್ಕೆ ಅಂಟಿತ್ತು. ಬಿಸಿನೀರು ಬಿತ್ತು ಅಂದ. ಕತ್ತರಿಯಿಂದ ಅಂಗಿ ಕತ್ತರಿಸಿ ತೆಗೆದೆ, ಮುಲಾಮು ಹಚ್ಚಿದೆ. ಹಚ್ಚುತ್ತ, ಯಾವ ಪಾಪಿ ಸುರಿದನೋ, ಅವನ ಕೈ ಸೇದಿಹೋಗ ಎಂದು ಶಾಪ ಹಾಕಿದೆ. ಬಡಿಸಿದೆ, ಉಂಡ. ಉಂಡ ಮೇಲೆ ಚೀಲದಿಂದ ಒದ್ದೆ ಬಟ್ಟೆಯ ಮುದ್ದೆ ತೆಗೆದು ನನ್ನ ಮಷೀನಿನ ಮೇಲಿಟ್ಟ. ಹಳದಿ, ಬಿಳಿ. ನನ್ನ ಗೆರೆ.

ಅವನೇ ಹೇಳಿದ. ಎರಡು ತಿಂಗಳಿಂದ ಕೆಲಸ ಬಿಟ್ಟು ಬೀದಿ ಬೀದಿ ತಿರುಗಿ ಜನರ ಬಟ್ಟೆ ಒಣಗುವ ಹಗ್ಗಗಳನ್ನೇ ನೋಡುತ್ತಿದ್ದನಂತೆ. ಆ ಹಿತ್ತಿಲಲ್ಲಿ ನಾಲ್ಕೂ ಒಟ್ಟಿಗೆ ಕಂಡವಂತೆ. "ನಿನ್ ಕೈ ನಂಗೆ ಗೊತ್ತಾಗಲ್ವೇನಮ್ಮ?" ಅಂದ. "ನೀನ್ ಹೊಲ್ದಿದ್ದನ್ನೇ ಹೊದ್ದು ಬೆಳೆದೋನು ನಾನು. ಆ ಬೀದಿ ತುದೀಲಿ ನಿಂತ್ಕೊಂಡೇ ಹೇಳ್ದೆ, ಇದು ನಮ್ಮಮ್ಮಂದು ಅಂತ."

ನಿನಗೆ ಸುಳ್ಳು ಬರೆಯುವುದಿಲ್ಲ. ಆ ಮಾತಿಗೆ ನನಗೆ ಹಿಗ್ಗಾಯಿತು. ಒಂದು ಗಳಿಗೆ, ಅಷ್ಟೇ. ಇಡೀ ಊರಿನಲ್ಲಿ ನನ್ನ ಹೊಲಿಗೆಯನ್ನು ದೂರದಿಂದ ಗುರುತು ಹಿಡಿಯುವವನು ಅವನೊಬ್ಬನೇ. ಆಮೇಲೆ ನಿನ್ನ ತಲೆ, ಪಾಪುವಿನ ತಲೆ ಕಣ್ಣ ಮುಂದೆ ಬಂತು. ಏನು ಮಾಡಿ ಬಂದೆ ಎಂದು ಕೇಳಿದೆ. ಅಡ್ಡ ಬಂದ ಒಬ್ಬಳಿಗೆ ಸ್ವಲ್ಪ ಪೆಟ್ಟಾಯಿತು ಅಂದ. ನಿನಗೆ ಬುದ್ಧಿ ಕಲಿಸಿದೆ ಅಂದ. ಮಗು ಸಿಗಲಿಲ್ಲ, ಗಲಾಟೆ ತಣ್ಣಗಾಗುವ ಮೊದಲೇ, ಇವತ್ತೇ ಸಂಜೆ ಆಸ್ಪತ್ರೆಗೆ ಹೋಗಿ ಎತ್ತಿಕೊಂಡು ಬರುತ್ತೇನೆ, ನೀನು ಸಾಕು, ತೊಟ್ಟಿಲು ಅಟ್ಟದ ಮೇಲಿದೆಯಲ್ಲ, ಇಳಿಸಿಡು ಅಂದ. ಹೇಳಿ, ಬೆನ್ನು ಉರಿಯುತ್ತದೆ ಎಂದು ನನ್ನ ಮಂಚದ ಮೇಲೆ ಬೋರಲು ಮಲಗಿ ನಿದ್ದೆ ಹೋದ.

ನಿದ್ದೆಯಲ್ಲಿ ಬಾಯಿ ತೆರೆದುಕೊಳ್ಳುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ.

ಅಂಗಡಿ ಇಟ್ಟಿದ್ದಾಗಿನ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಗೊತ್ತಲ್ಲ, ಕೆಂಡ ತುಂಬುವುದು. ನಿನ್ನಿಂದ ಒಂದು ಕೈಯಲ್ಲಿ ಎತ್ತಲು ಆಗುತ್ತಿರಲಿಲ್ಲ. ನಾನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಅವನ ಬಲಗಾಲಿನ ಮಂಡಿಯ ಹಿಂಭಾಗಕ್ಕೆ ಕುಕ್ಕಿದೆ. ಕಟ್ಟಿಗೆ ಒಡೆದ ಹಾಗೆ ಶಬ್ದವಾಯಿತು. ಅವನು ಮಗ್ಗುಲಾಗುವ ಮೊದಲೇ ಇನ್ನೊಂದು ಕಾಲಿಗೂ ಕುಕ್ಕಿದೆ. ತಲೆಗೆ ಹಾಕಬಹುದಿತ್ತು. ಕೈ ತಲೆಯ ಕಡೆ ಹೋಗಲಿಲ್ಲ. ನಡೆಯದ ಹಾಗೆ ಆದರೆ ಸಾಕಿತ್ತು ನನಗೆ.

ಅವನು "ಅಮ್ಮಾ" ಎಂದು ಕೂಗಿದ. ಬೈಗುಳವಲ್ಲ. ಚಿಕ್ಕವನಿದ್ದಾಗ ಎಡವಿ ಬಿದ್ದರೆ ನನ್ನನ್ನು ಹೇಗೆ ಕರೆಯುತ್ತಿದ್ದನೋ ಹಾಗೆ. ಹೊಡೆದವಳು ನಾನೇ, ಎತ್ತಿಕೊಳ್ಳಲಿ ಎಂದು ಕೈ ಚಾಚಿದ್ದೂ ನನ್ನ ಕಡೆಗೇ. ನಾನು ಹೊರಗೆ ಹೋಗಿ ಪಕ್ಕದ ಚಪ್ಪಲಿ ಅಂಗಡಿಯವನಿಗೆ ಪೊಲೀಸರನ್ನು ಕರೆಯಲು ಹೇಳಿದೆ. ತಿರುಗಿ ಬಂದು, ಅವರು ಬರುವವರೆಗೂ ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅವನು ನನ್ನ ತೊಡೆಯನ್ನು ರಕ್ತ ಬರುವ ಹಾಗೆ ಕಚ್ಚಿದ. ಕಚ್ಚಲಿ ಎಂದು ಬಿಟ್ಟೆ.

ಅಡುಗೆಯಮ್ಮನ ಮನೆಯವರು ಯಾರು, ಎಲ್ಲಿದ್ದಾರೆ ಎಂದು ಲಾಯರಮ್ಮನನ್ನು ಕೇಳಿದೆ. ಯಾರೂ ಇಲ್ಲವಂತೆ. ಕಾಲು ಹಿಡಿದು ಕ್ಷಮೆ ಕೇಳೋಣವೆಂದರೆ ಒಂದು ಜೊತೆ ಕಾಲೂ ಇಲ್ಲ.

ಇಂತಿ,
ಅತ್ತೆ

~

ಜುಲೈ 22

ಅತ್ತೆ,

ಬಹಳ ದಿನ ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ. ಅಡುಗೆಯಮ್ಮ ಬಡಿಸುತ್ತಿದ್ದ ಸೌಟು ನೆನಪಾದಾಗೆಲ್ಲ ನಿಮ್ಮನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಮರುಗಳಿಗೆಯೇ ನೀವು ಆ ಇಸ್ತ್ರಿಪೆಟ್ಟಿಗೆ ಎತ್ತಿದ್ದು ನೆನಪಾಗುತ್ತದೆ. ಹೆತ್ತ ಮಗನಿಗೆ. ನಾನು ಪಾಪುವಿನ ಉಗುರು ಕತ್ತರಿಸಲೂ ಹೆದರುತ್ತೇನೆ.

ನಮ್ಮನ್ನು ಬೇರೆ ಊರಿಗೆ ಕಳಿಸಿದ್ದಾರೆ. ನನಗೊಂದು ಕೋಣೆ, ಪಕ್ಕದಲ್ಲೇ ಒಂದು ಲ್ಯಾಬು. ಸಿರಿಂಜು ಹಿಡಿಯುವ ಹಾಗಿಲ್ಲ, ಬಾಟಲಿಗಳಿಗೆ ಚೀಟಿ ಅಂಟಿಸುತ್ತೇನೆ. ಬಲಗಿವಿ ಕೇಳುವುದಿಲ್ಲ, ಹಾಗಾಗಿ ಪಾಪುವನ್ನು ಎಡಗಡೆಯೇ ಮಲಗಿಸಿಕೊಳ್ಳುತ್ತೇನೆ. ಬೋರಲು ಬೀಳುತ್ತಾಳೆ. ಬಿದ್ದು, ತಾನೇ ಏನೋ ಸಾಹಸ ಮಾಡಿದ ಹಾಗೆ ತಲೆಯೆತ್ತಿ ನೋಡುತ್ತಾಳೆ. ಮೂಗು ನಿಮ್ಮ ಕಡೆಯದೇ.

ಅವನಿಗೆ ಎಷ್ಟು ವರ್ಷ ಜೈಲಾಗುತ್ತದೋ ಆಗಲಿ. ನೀವು ಒಬ್ಬರೇ ಇದ್ದೀರಿ. ಬಂದುಬಿಡಿ. ಇಲ್ಲಿಯ ವಿಳಾಸ ಬರೆದು ಅಂಟು ಹಾಕಿದ ಲಕೋಟೆಯನ್ನು ಲಾಯರಮ್ಮ ನಿಮ್ಮ ಕೈಗೇ ಕೊಡುತ್ತಾರೆ, ಅವರನ್ನು ಒಪ್ಪಿಸಲು ನನಗೆ ಎರಡು ವಾರ ಹಿಡಿಯಿತು. ಕೋಣೆ ಚಿಕ್ಕದು, ಆದರೆ ಕಿಟಕಿಯ ಕೆಳಗೆ ಮಷೀನು ಹಿಡಿಸುತ್ತದೆ, ಅಳತೆ ಮಾಡಿ ನೋಡಿದ್ದೇನೆ.

ಇಂತಿ,
ನಿಮ್ಮ ಸೊಸೆ

~

ಆಗಸ್ಟ್ 11

ನನ್ನ ಮಗಳಿಗೆ,

ಕಿಟಕಿಯ ಕೆಳಗೆ ಅಳತೆ ಮಾಡಿದೆ ಎಂಬ ಸಾಲು ಓದಿ ದಿನವಿಡೀ ಏನೂ ಕೆಲಸವಾಗಲಿಲ್ಲ.

ಲಾಯರಮ್ಮ ಲಕೋಟೆ ಕೊಟ್ಟರು. ಬಿಚ್ಚಲಿಲ್ಲ. ಅವರ ಎದುರಿಗೇ ಒಲೆಗೆ ಹಾಕಿದೆ. ಅವರು ನನ್ನನ್ನು ಹುಚ್ಚಿಯೇನೋ ಎಂಬಂತೆ ನೋಡಿದರು. ನೀನು ಹಾಗೆ ನೋಡಬೇಡ, ಯಾಕೆ ಎಂದು ಹೇಳುತ್ತೇನೆ.

ನಾನು ಪ್ರತಿ ವಾರ ಜೈಲಿನ ಆಸ್ಪತ್ರೆಗೆ ಹೋಗುತ್ತೇನೆ. ನಿನಗೆ ಬೇಜಾರಾಗುತ್ತದೆ, ಆದರೂ ಹೋಗುತ್ತೇನೆ. ಎರಡೂ ಕಾಲಿನ ಮೂಳೆಗೆ ಕಬ್ಬಿಣದ ಸರಳು ಹಾಕಿದ್ದಾರೆ. ಮೊದಲೆರಡು ಸಲ ನನ್ನ ಮುಖಕ್ಕೆ ಉಗಿದ, ತಟ್ಟೆ ಎಸೆದ. ಮೂರನೆಯ ಸಲ ಉಂಡ. ಈಗ ನಾನು ಬರುವ ದಿನ ತಲೆ ಬಾಚಿಕೊಂಡು ಕಾಯುತ್ತಿರುತ್ತಾನೆ ಎಂದು ವಾರ್ಡಿನ ಪೊಲೀಸಿನವನು ಹೇಳಿದ. ನನಗೆ ಹೊಡೆದದ್ದು ನೀನೇ ಅಲ್ವಾ, ಈಗ ನೀನೇ ಒತ್ತು ಎಂದು ಕಾಲು ತೋರಿಸುತ್ತಾನೆ. ಒತ್ತುತ್ತೇನೆ. ಹಳೆಯದೆಲ್ಲ ಮಾತಾಡುತ್ತಾನೆ, ನನ್ನನ್ನು ನಗಿಸುತ್ತಾನೆ. ಕೊನೆಗೆ, ನಾನು ಏಳುವ ಹೊತ್ತಿಗೆ, ಮೆಲ್ಲಗೆ ನೀನೆಲ್ಲಿ ಎಂದು ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತೇನೆ. ಅದು ನಿಜವಾದ್ದರಿಂದ ಸಲೀಸಾಗಿ ಬಾಯಿಗೆ ಬರುತ್ತದೆ.

ಹೋದ ಸಲ ಅತ್ತ. ಹೊಡೆಯುವುದಿಲ್ಲಮ್ಮ, ದೂರದಿಂದ ಒಂದೇ ಸಲ ಮಗೂನ ನೋಡಿ ಬರ್ತೀನಿ, ನಿನ್ನಾಣೆ ಎಂದು ನನ್ನ ಕೈಯನ್ನು ಅವನ ಕೆನ್ನೆಗೆ ಒತ್ತಿಕೊಂಡ. ಅಡುಗೆಯಮ್ಮನನ್ನು ಕಲ್ಲಿಗೆ ಜಜ್ಜಿದ ಕೈ ಅವನದು, ನನಗೆ ಗೊತ್ತು. ನಿನ್ನ ಬೆರಳುಗಳನ್ನು ಒಂದೊಂದಾಗಿ ಮುರಿದ ಕೈ, ಅದೂ ಗೊತ್ತು. ಗೊತ್ತಿದ್ದೂ, ಆ ಗಳಿಗೆಯಲ್ಲಿ ನಿನ್ನ ಊರಿನ ಹೆಸರು ನನ್ನ ಬಾಯಲ್ಲಿ ಇದ್ದಿದ್ದರೆ ಹೇಳಿಬಿಡುತ್ತಿದ್ದೆ. ನನ್ನ ಮೇಲೆ ನನಗೇ ಅಷ್ಟೂ ನಂಬಿಕೆಯಿಲ್ಲ. ಅವನು ಹೊಡೆದರೆ ನಾನು ಬಾಯಿ ಬಿಡುವವಳಲ್ಲ, ಹಲ್ಲು ಹೋದಾಗಲೂ ಬಿಟ್ಟಿಲ್ಲ. ಸಿಟ್ಟು ಬಂದರೆ ಬಿಡುತ್ತೇನೆ, ಒಮ್ಮೆ ಬಿಟ್ಟೆ. ಅವನು ಅತ್ತರೂ ಬಿಡುತ್ತೇನೆ. ಕಾಲು ಕೂಡಿಕೊಳ್ಳುತ್ತವೆ, ವರ್ಷಗಳೂ ಮುಗಿಯುತ್ತವೆ. ಆವತ್ತು ಅವನು ಮೊದಲು ಬರುವುದು ನನ್ನ ಮನೆಗೆ. ಆ ಹೊತ್ತಿಗೆ ಪೆಟ್ಟಿಗೆ ಎತ್ತುವ ಶಕ್ತಿ ನನ್ನ ತೋಳಿಗೆ ಇರುವುದಿಲ್ಲ.

ಶನಿವಾರ ಹೊಲಿಯಲು ಹಾಲಿಗೆ ಹೋಗುವುದನ್ನು ಬಿಟ್ಟಿಲ್ಲ. ಈಗ ಟೀಚರಮ್ಮ ಹೇಳಿದ ಹಾಗೆ ಅಂಚಿನಿಂದ ಅಂಚಿಗೆ ನೇರ ಗೆರೆ ಎಳೆಯುತ್ತೇನೆ. ಯಾರು ಹೊಲಿದದ್ದು ಎಂದು ಹೊಲಿದ ನನಗೇ ತಿಳಿಯುವುದಿಲ್ಲ. ಬೇಸರದ ಕೆಲಸ, ಆದರೆ ಬೇಗ ಆಗುತ್ತದೆ.

ನೀನು ಇನ್ನು ಬರೆಯಬೇಡ. ಲಾಯರಮ್ಮನಿಗೂ ಹೇಳಿದ್ದೇನೆ, ನಿನ್ನ ಕಾಗದ ಬಂದರೆ ನನಗೆ ಕೊಡಬಾರದು, ಚೆನ್ನಾಗಿದ್ದಾಳೆ ಎಂದೂ ಹೇಳಬಾರದು. ಕೋಣೆಯಿಂದ ಲ್ಯಾಬು ಎಷ್ಟು ಹತ್ತಿರ, ಕಿಟಕಿ ಯಾವ ಕಡೆಗೆ ಎಂದು ನೀನು ಪ್ರೀತಿಯಿಂದ ಬರೆಯುತ್ತಾ ಹೋಗುತ್ತೀಯ, ನಾನು ಅದನ್ನೆಲ್ಲ ತಲೆಯಲ್ಲಿ ಕೂಡಿಸಿಡುತ್ತಾ ಹೋಗುತ್ತೇನೆ, ಒಂದು ದಿನ ಅವನು ನನ್ನ ಮಡಿಲಲ್ಲಿ ತಲೆಯಿಟ್ಟು ಅಳುತ್ತಾನೆ. ಬೇಡ. ಈಗಾಗಲೇ ಒಂದು ಜೀವ ಹೋಗಿದೆ.

ಅವಳಿಗೆ ಹಲ್ಲು ಬರುವ ಸಮಯ. ಹೇಗೆ ನಗುತ್ತಾಳೆ, ಯಾರನ್ನು ಕಂಡರೆ ಅಳುತ್ತಾಳೆ, ರಾತ್ರಿ ನಿದ್ದೆ ಮಾಡಲು ಬಿಡುತ್ತಾಳಾ ಎಂದು ಕೇಳಬೇಕು ಅಂದುಕೊಂಡೇ ಈ ಕಾಗದ ಶುರು ಮಾಡಿದ್ದು. ಕೇಳುವುದಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ.

ಇಂತಿ,
ಅವನ ಅಮ್ಮ